ಮಂಡಿ ನೋವಿನ ಜಪಾನ್ ಎಣ್ಣೆ

ಕ್ಯಾತ್ಸಂದ್ರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಸಿದ್ದಲಕ್ಷ್ಮಮ್ಮನ ತಟ್ಟೆ ಇಡ್ಲಿ ಹೋಟೆಲಿಗೆ ಬೋರ್ಡು ಇರಲಿಲ್ಲ. ಬೆಂಗಳೂರಿನ ರೈಲು ಹಿಡಿಯುವವರು, ಹಾಸ್ಟೆಲಿನ ಹುಡುಗರು, ಹೈವೇ ಪಕ್ಕ ಲಾರಿ ನಿಲ್ಲಿಸಿ ಬರುವ ಡ್ರೈವರುಗಳು ಎಲ್ಲರೂ ಹೊಗೆಯ ಜಾಡು ಹಿಡಿದೇ ಅಲ್ಲಿಗೆ ಬರುತ್ತಿದ್ದರು. ಅಕ್ಕಪಕ್ಕದ ಹೋಟೆಲುಗಳೆಲ್ಲ ಗ್ಯಾಸಿಗೆ ತಿರುಗಿದ ಮೇಲೂ ಆಕೆ ಸೌದೆ ಒಲೆ ಬಿಡಲಿಲ್ಲ. "ಗ್ಯಾಸಲ್ಲಿ ಬೆಂದ ಇಡ್ಲಿ ಆಸ್ಪತ್ರೆ ಇಡ್ಲಿ ಇದ್ದಂಗೆ. ರೋಗಿಗಳು ತಿನ್ಲಿ ಬುಡಿ" ಎನ್ನುತ್ತಿದ್ದಳು.

ಆಕೆಯ ಹುಟ್ಟೂರು ಗುಬ್ಬಿ ತಾಲ್ಲೂಕಿನ ಹಾಗಲವಾಡಿ. ಕಣದಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದ ಸೋದರಮಾವನ ಮೀಸೆಗೆ ಬೆಲ್ಲದ ಪಾಕ ಸವರಿ ಇರುವೆಗಳಿಗೆ ದಾರಿ ತೋರಿಸಿದ ಹುಡುಗಿ ಅಂತ ಆ ಊರಲ್ಲಿ ಈಗಲೂ ಹೇಳುವವರಿದ್ದಾರೆ. ಮದುವೆಯಾದದ್ದು ಕ್ಯಾತ್ಸಂದ್ರದ ಗಂಗಣ್ಣನನ್ನು. ಮದುವೆಮನೆಗಳಿಗೆ ಅಡುಗೆ ಮಾಡುತ್ತಿದ್ದ ಗಂಗಣ್ಣ ಒಳ್ಳೆಯ ಕೈರುಚಿಯವನು. ಆದರೆ ಪ್ಯಾಕೆಟ್ ಸಾರಾಯಿ ಅವನ ಕೈಯನ್ನು ಮೊದಲು ನಡುಗಿಸಿತು, ಆಮೇಲೆ ಆಳನ್ನೇ ಎತ್ತಿಕೊಂಡು ಹೋಯಿತು. ತಿಥಿ ಮುಗಿದ ವಾರಕ್ಕೆ ಸಿದ್ದಲಕ್ಷ್ಮಮ್ಮ ಗಂಡನ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮನೆಯ ಮುಂಭಾಗದಲ್ಲೇ ಹೋಟೆಲು ತೆರೆದಳು. ಮಗಳು ತ್ರಿವೇಣಿಯನ್ನು ಬಿ.ಕಾಂ. ಓದಿಸಿ ಮದುವೆ ಮಾಡಿದ್ದು ಅದೇ ಒಲೆಯ ಮೇಲೆ.

ದುಡಿಮೆ ಆಕೆಯ ಬೆನ್ನು ಬಗ್ಗಿಸಿರಬಹುದು, ಕೀಟಲೆಯನ್ನು ಬಗ್ಗಿಸಲಿಲ್ಲ. ಒಬ್ಬ ಬ್ಯಾಂಕ್ ಮ್ಯಾನೇಜರು ದಿನಾ ಬಂದು "ಏನಮ್ಮಾ, ಇಡ್ಲಿ ದಿನೇ ದಿನೇ ಚಿಕ್ಕದಾಗ್ತಾ ಇದೆ" ಎಂದು ರಾಗ ಎಳೆಯುತ್ತಿದ್ದರು. ಒಂದು ದಿನ ಆಕೆ ಮೊರದಗಲದ ಹಿತ್ತಾಳೆ ತಟ್ಟೆಯಲ್ಲಿ ಒಂದೇ ಇಡ್ಲಿ ಬೇಯಿಸಿ, ಇಬ್ಬರ ಕೈಲಿ ಹೊರಿಸಿ ತಂದು ಅವರ ಮುಂದಿಟ್ಟಳು. "ಮಿಗಿಸಂಗಿಲ್ಲ ಸಾರ್. ಅನ್ನ ದೇವ್ರು." ಆ ಮ್ಯಾನೇಜರು ಆವತ್ತು ಬ್ಯಾಂಕಿಗೆ ಮಧ್ಯಾಹ್ನ ಹೋದರಂತೆ.

ಇಂಥ ಸಿದ್ದಲಕ್ಷ್ಮಮ್ಮನಿಗೆ ಬೀಗರಾಗಿ ಸಿಕ್ಕವರು ಗುರುಸಿದ್ದಯ್ಯ ಮೇಷ್ಟ್ರು. ಗುಬ್ಬಿಯ ಹೈಸ್ಕೂಲೊಂದರಲ್ಲಿ ಹೆಡ್‌ಮಾಸ್ಟರಾಗಿ ರಿಟೈರಾದವರು, ಹೆಂಡತಿ ತೀರಿಕೊಂಡ ಮೇಲೆ ತುಮಕೂರಿನಲ್ಲಿ ಮಗ ನಾಗಭೂಷಣ್ ಮತ್ತು ಸೊಸೆ ತ್ರಿವೇಣಿಯ ಜೊತೆಗಿದ್ದರು. ಬಿಳಿ ಪಂಚೆ, ಬಿಳಿ ಜುಬ್ಬ, ಜೇಬಿನಲ್ಲಿ ಕೆಂಪು ಪೆನ್ನು. ಜಿಲ್ಲೆಯ ಪಾನವಿರೋಧಿ ಸಮಿತಿಗೆ ಅವರೇ ಅಧ್ಯಕ್ಷರು. ಯಾವ ಊರಲ್ಲಿ ಸಾರಾಯಿ ಅಂಗಡಿ ಎತ್ತಿಸಬೇಕೆಂದು ಹೆಂಗಸರು ಕೂತರೂ ಮೇಷ್ಟ್ರು ಬಸ್ಸು ಹತ್ತಿ ಹೋಗಿ ಭಾಷಣ ಮಾಡುತ್ತಿದ್ದರು. ಭಾಷಣದ ಮೊದಲ ವಾಕ್ಯ ಯಾವತ್ತೂ ಒಂದೇ: "ಈ ನಾಲಿಗೆ ಈವರೆಗೆ ಒಂದು ಹನಿಯನ್ನೂ ಕಂಡಿಲ್ಲ."

ಮೇಷ್ಟ್ರಿಗೆ ಇನ್ನೊಂದು ಕಾಯಿಲೆಯಿತ್ತು, ಎದುರಿನವರ ಉಚ್ಚಾರ ತಿದ್ದುವುದು. ಅವರು ಹೋಟೆಲಿಗೆ ಬಂದರೆ ಸಿದ್ದಲಕ್ಷ್ಮಮ್ಮ ಬೇಕೆಂದೇ ಇನ್ನಷ್ಟು ಹಕಾರ ನುಂಗುತ್ತಿದ್ದಳು.

"ಮೇಷ್ಟ್ರೇ, ಅಬ್ಬಕ್ಕೆ ಒಬ್ಬಟ್ಟು ಆಕ್ತೀನಿ, ಬನ್ನಿ."

"ಹಬ್ಬಕ್ಕೆ. ಹಾಕ್ತೀನಿ."

"ನೀವೂ ಆಕ್ತೀರಾ? ಆಗಾದ್ರೆ ಇಬ್ರೂ ಸೇರಿ ಆಕನ ಬುಡಿ."

ಮೇಷ್ಟ್ರು ಕೆಂಪು ಪೆನ್ನು ಮುಟ್ಟಿಕೊಳ್ಳುತ್ತಿದ್ದರು.

ಎರಡು ಸಾವಿರದ ಎರಡರಲ್ಲಿ ನಾಗಭೂಷಣ್ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಗೆ ಜಪಾನಿನಿಂದ ಒಂದು ಮೆಷೀನು ಬಂತು. ಅದನ್ನು ಕೂರಿಸಿ ಕೊಡಲು ಹಿಂದೆಯೇ ಒಬ್ಬ ಇಂಜಿನಿಯರೂ ಬಂದರು. ಅವರ ಹೆಸರು ಕುರೋಡ. ಕ್ಯಾಂಟೀನಿನ ಖಾರಕ್ಕೆ ಅವರ ಹೊಟ್ಟೆ ಕೆಟ್ಟು, ಊಟದ ಹೊತ್ತಿನಲ್ಲಿ ಬಾಳೆಹಣ್ಣು ಹಿಡಿದು ಒಬ್ಬರೇ ಕೂರುವಂತಾದಾಗ ನಾಗಭೂಷಣ್ ಅವರನ್ನು ಅತ್ತೆಯ ಹೋಟೆಲಿಗೆ ಕರೆತಂದ. ಎರಡು ಇಡ್ಲಿ, ಮೇಲೊಂದು ಮುದ್ದೆ ಬೆಣ್ಣೆ. ಕುರೋಡ ತಿಂದು ಮುಗಿಸಿ, ತಟ್ಟೆಗೆ ಕೈಮುಗಿದು, ಇನ್ನೆರಡು ಬೆರಳು ತೋರಿಸಿದರು. ಮೆಷೀನು ಓಡುವವರೆಗೂ ದಿನಾ ಬೆಳಗ್ಗೆ ಅವರ ತಿಂಡಿ ಅಲ್ಲೇ ಆಯಿತು.

ಚೆನ್ನಾಗಿ ಎರಡು ಕಣ್ಣಿರುವ ಮನುಷ್ಯನನ್ನು ಕುರೋಡ ಅಂತ ಕೂಗಲು ಸಿದ್ದಲಕ್ಷ್ಮಮ್ಮನಿಗೆ ಬಾಯಿ ಬರಲಿಲ್ಲ. ಜಪಾನಪ್ಪ ಅಂತ ಹೊಸದಾಗಿ ಹೆಸರಿಟ್ಟಳು. ಜಪಾನಪ್ಪ ಹೊರಗಿನ ಬೆಂಚು ಬಿಟ್ಟು ಒಳಗೆ ಒಲೆಯ ಪಕ್ಕದ ಮಣೆಯ ಮೇಲೇ ಕೂರುತ್ತಿದ್ದರು. ಹಸಿ ಸೌದೆ ಹೊಗೆ ಕಾರಿದಾಗ ಉಳಿದವರೆಲ್ಲ ಕೆಮ್ಮಿ ಎದ್ದು ಹೋದರೆ ಅವರು ಕಣ್ಣು ಮುಚ್ಚಿ, ಮೂಗರಳಿಸಿ, "ಸ್ಮೋಕ್, ಗುಡ್" ಎನ್ನುವರು. ಇವರ ತಲೆ ಸರಿಯಿದೆಯೇ ಅಂತ ಸಿದ್ದಲಕ್ಷ್ಮಮ್ಮ ಅಳಿಯನನ್ನು ಕೇಳಿದ್ದುಂಟು.

ಹೊರಡುವ ದಿನ ಕುರೋಡ ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಸಿದ್ದಲಕ್ಷ್ಮಮ್ಮನ ಕೈಗಿತ್ತರು. ಲೇಬಲ್ಲಿನ ತುಂಬ ಇರುವೆ ಸಾಲಿನಂಥ ಜಪಾನಿ ಅಕ್ಷರ. ಒಲೆ ತೋರಿಸಿದರು, ಬಾಟಲಿ ತೋರಿಸಿದರು. "ಸೇಮ್, ಸೇಮ್." ಲೋಟಕ್ಕೆ ಸ್ವಲ್ಪ ಬಗ್ಗಿಸುವಂತೆ, ಮೇಲೆ ನೀರು ಹಾಕುವಂತೆ ಕೈಯಲ್ಲೇ ಅಭಿನಯಿಸಿ, "ಸ್ಲೋ, ಸ್ಲೋ" ಎಂದು ಕಾರು ಹತ್ತಿದರು.

ಕಾರು ಮರೆಯಾಗುವುದೇ ತಡ, ನಾಗಭೂಷಣ್ ಕೈ ಚಾಚಿದ.

"ಅತ್ತೆ, ಅದನ್ನ ಇಲ್ಲಿ ಕೊಡಿ. ನಿಮಗ್ಯಾಕೆ?"

"ಏನ್ ಅಳಿಯಂದ್ರೇ ಇದು?"

ನಾಗಭೂಷಣ್‌ಗೆ ಆಗಾಗ ಗೆಳೆಯರ ಜೊತೆ ಬಿಯರು ಕುಡಿಯುವ ಅಭ್ಯಾಸವಿತ್ತು. ಆದರೆ ಸಾರಾಯಿಗೆ ಗಂಡನನ್ನು ಕಳೆದುಕೊಂಡ ಅತ್ತೆಯ ಮುಂದೆ ವಿಸ್ಕಿ ಎಂಬ ಮಾತು ಗಂಟಲಲ್ಲೇ ನಿಂತಿತು. "ಇದು... ಜಪಾನ್ ಎಣ್ಣೆ ಅತ್ತೆ. ಮಂಡಿ ನೋವಿಗೆ ಹಚ್ಕೊಳ್ಳೋದು" ಅಂದುಬಿಟ್ಟ.

ಎಣ್ಣೆ ಎಂದರೆ ಈ ಕಾಲದಲ್ಲಿ ಏನರ್ಥ ಅನ್ನುವುದನ್ನು ಲಾರಿ ಡ್ರೈವರುಗಳ ಬಾಯಲ್ಲಿ ಸಿದ್ದಲಕ್ಷ್ಮಮ್ಮ ದಿನಾ ಕೇಳುತ್ತಿದ್ದಳು. ಅಳಿಯನ ಮುಖ ನೋಡಿದಳು. ಬಾಟಲಿ ನೋಡಿದಳು.

"ನಿಮ್ಗೆ ಮಂಡಿ ನೋವೈತಾ?"

"ನನಗಿಲ್ಲ. ಆದ್ರೆ..."

"ನಂಗೈತೆ. ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತೂ ಕೂತೂ ಎರಡೂ ಓಗವೆ. ನೋಡಿ, ನಾನು ಬಾಯ್ ಬಿಟ್ಟು ಏಳ್ದೇ ಇದ್ರೂ ಆ ಪುಣ್ಯಾತ್ಮಂಗೆ ಗೊತ್ತಾಗೈತೆ."

ಬಾಟಲಿ ಅಕ್ಕಿ ಡಬ್ಬದ ಹಿಂದೆ ಸೇರಿತು. ನಾಗಭೂಷಣ್ ಕಡೇ ಬಸ್ಸು ತಪ್ಪಿಸಿಕೊಂಡವನ ಹಾಗೆ ಸ್ಕೂಟರು ಹತ್ತಿದ.

ಆವತ್ತು ಮಧ್ಯಾಹ್ನ ಹೋಟೆಲು ತೊಳೆದು, ಒಲೆಗೆ ನೀರು ಚಿಮುಕಿಸಿ, ಬಾಗಿಲು ಮುಂದೆ ಮಾಡಿ ಸಿದ್ದಲಕ್ಷ್ಮಮ್ಮ ಮುಚ್ಚಳ ತಿರುಗಿಸಿದಳು. ಗಂಡನ ಸಾರಾಯಿಯ ವಾಸನೆ ಆಕೆಗೆ ಗೊತ್ತಿತ್ತು. ಕೊಳೆತ ಹಣ್ಣಿಗೆ ಸೀಮೆಎಣ್ಣೆ ಬೆರೆಸಿದ ಹಾಗೆ, ಬಾಗಿಲಲ್ಲೇ ಹೊಟ್ಟೆ ತೊಳಸುವಂಥದ್ದು. ಮೂಗು ಮುಚ್ಚಿಕೊಳ್ಳಲು ಸೆರಗು ಎತ್ತಿದ್ದವಳು ಹಾಗೇ ನಿಂತಳು. ಇದು ಆ ಜಾತಿಯದಲ್ಲ. ನೀರು ಚಿಮುಕಿಸಿದ ಒಲೆಯಿಂದ ಆಗತಾನೇ ಎದ್ದ ಹೊಗೆಯೂ ಬಾಟಲಿಯ ಬಾಯಿಂದ ಬಂದ ಹೊಗೆಯೂ ಬೇರೆ ಬೇರೆ ಅಂತ ಹೇಳಲಾಗಲಿಲ್ಲ. ಆ ಮನುಷ್ಯ ಸೇಮ್ ಸೇಮ್ ಅಂದದ್ದು ಇದಕ್ಕೆ. ಹೊಗೆಯ ಹಿಂದೆ ಆಸ್ಪತ್ರೆಯ ಟಿಂಚರಿನ ಒಂದು ಎಳೆ. ಇನ್ನೂ ಮೂಗಿಟ್ಟರೆ, ಯಾರೋ ಪಕ್ಕದ ಕೋಣೆಯಲ್ಲಿ ಹಣ್ಣು ಹೆಚ್ಚುತ್ತಿದ್ದಾರೆ ಅನ್ನಿಸುವಷ್ಟು ಸಿಹಿ.

ಕಾಫಿ ಲೋಟಕ್ಕೆ ಒಂದು ಗುಟುಕಿನಷ್ಟು ಬಗ್ಗಿಸಿದಳು. ತಿಳಿ ಜೇನಿನ ಬಣ್ಣ. ನಾಲಿಗೆಯ ತುದಿಗೆ ತಾಗಿಸಿದರೆ ಚುರ್ ಎಂದಿತು. ಕಣ್ಣಲ್ಲಿ ನೀರು ಬಂತು. ಜಪಾನಪ್ಪ ಹೇಳಿಕೊಟ್ಟಂತೆ ಮಡಕೆಯ ನೀರು ಸ್ವಲ್ಪ ಬೆರೆಸಿ, ಈ ಸಲ ನಿಧಾನವಾಗಿ ಬಾಯಿಗೆ ಬಿಟ್ಟುಕೊಂಡಳು. ಮೊದಲು ಹುರಿಹಿಟ್ಟಿನ ರುಚಿ, ಅದರ ಮೇಲೆ ಜೇನು, ಕೆನ್ನೆಯ ಒಳಗೆ ಮೆಣಸಿನ ಕಾವು. ನುಂಗಿದ ಮೇಲೆ ಎಲ್ಲಾ ಮುಗಿಯಿತು ಅಂದುಕೊಂಡಾಗ ಹೊಗೆ ಹಿಂದಿನಿಂದ ಬಂದು ಮೂಗಿನಿಂದ ಹೊರಟಿತು. ಚಳಿಗಾಲದ ಬೆಳಗ್ಗೆ ಹಾಗಲವಾಡಿಯ ಬಚ್ಚಲೊಲೆಯ ಮುಂದೆ ಕೂತು ಹಂಡೆ ಕಾಯಿಸುವಾಗ ಹೀಗೇ ಇರುತ್ತಿತ್ತು.

ಲೋಟ ತೊಳೆದಿಟ್ಟು, ಗಂಡನ ಫೋಟೋದ ಕಡೆ ತಿರುಗಿದಳು. "ನೀನು ಕುಡ್ದು ಕುಡ್ದು ಸತ್ತೆ. ಕುಡಿಯೋದಾದ್ರೂ ನೆಟ್ಟಗೆ ಕುಡ್ಯಕ್ಕೆ ಬರ್ಲಿಲ್ವಲ್ಲ ನಿಂಗೆ" ಎಂದು ಬೈದಳು. ಆಮೇಲೆ ಅಕ್ಕಿ ನೆನೆಹಾಕಲು ಎದ್ದಳು.

ಇದು ಇಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಜಪಾನಿನವರು ಅಮ್ಮನಿಗೆ ಏನು ಕೊಟ್ಟರು ಅಂತ ತ್ರಿವೇಣಿ ಗಂಡನನ್ನು ಕೇಳಿದಳು. ನಾಗಭೂಷಣ್ ಅದೇ ಸುಳ್ಳನ್ನು ಮನೆಯಲ್ಲೂ ಹೇಳಬೇಕಾಯಿತು. ಪೇಪರ್ ಓದುತ್ತಿದ್ದ ಗುರುಸಿದ್ದಯ್ಯ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಅವರ ಬಲ ಮಂಡಿ ವರ್ಷದಿಂದ ಊದಿಕೊಂಡಿತ್ತು. ಮುಂದಿನ ಗುರುವಾರ ಮಧ್ಯಾಹ್ನ ಅವರು ಸಿಟಿ ಬಸ್ಸಿಳಿದು, ಕುಂಟುತ್ತ ಹೋಟೆಲಿಗೆ ಬಂದರು.

"ಬೀಗ್ರೇ, ನಿಮ್ಮ ಹತ್ತಿರ ಜಪಾನಿನ ಎಣ್ಣೆ ಇದೆಯಂತೆ. ನೋವು ತಡೆಯಕ್ಕಾಗ್ತಿಲ್ಲ."

ಸಿದ್ದಲಕ್ಷ್ಮಮ್ಮ ಆಗಲೇ ನಿಜ ಹೇಳಬಹುದಿತ್ತು. ಆದರೆ ಪಾನವಿರೋಧಿ ಸಮಿತಿಯ ಅಧ್ಯಕ್ಷರು ಮಂಡಿಗೆ ವಿಸ್ಕಿ ಉಜ್ಜಿಕೊಂಡು ಕೂರುವ ದೃಶ್ಯ ಮನಸ್ಸಿಗೆ ಬಂದದ್ದೇ ತಡ, ಇರುವೆಗೆ ದಾರಿ ತೋರಿಸಿದ ಹುಡುಗಿ ಎದ್ದು ಕೂತಳು. ಕೆಮ್ಮಿನ ಔಷಧಿಯ ಖಾಲಿ ಸೀಸೆಗೆ ಸ್ವಲ್ಪ ಬಗ್ಗಿಸಿ ಕೊಟ್ಟಳು.

"ಮೆತ್ತಗೆ ಉಜ್ಜಬೇಕು ಮೇಷ್ಟ್ರೇ. ಬಾಗ್ಲಾಕ್ಕೊಂಡು ಉಜ್ಜಿ, ಗಾಳಿ ತಾಗ್ಬಾರ್ದು."

"ಹಾಕ್ಕೊಂಡು" ಎಂದು ತಿದ್ದಿ ಮೇಷ್ಟ್ರು ಹೊರಟರು.

ಮುಂದಿನ ಗುರುವಾರ ಅವರು ಅಷ್ಟು ಕುಂಟಲಿಲ್ಲ. ಎಣ್ಣೆ ಅದ್ಭುತವಾಗಿದೆ, ಇನ್ನೂ ಸ್ವಲ್ಪ ಬೇಕು ಅಂದರು. ಅದರ ಮುಂದಿನ ಗುರುವಾರ ಸೀಸೆ ಸ್ವಲ್ಪ ದೊಡ್ಡದಾಗಿತ್ತು. ಸಿದ್ದಲಕ್ಷ್ಮಮ್ಮನಿಗೆ ತನ್ನ ಕೀಟಲೆ ತನಗೇ ಉರುಳಾಯಿತು. ತಾನು ಹದಿನೈದು ದಿನಕ್ಕೊಮ್ಮೆ ಒಂದೇ ಗುಟುಕು ಅಂತ ಜತನ ಮಾಡಿಟ್ಟದ್ದು ಈ ಮನುಷ್ಯನ ಮಂಡಿಯ ಮೇಲೆ ಆವಿಯಾಗಿ ಹೋಗುತ್ತಿತ್ತು. ಮಗಳಿಗೆ ಫೋನ್ ಮಾಡಿ ಉಪಾಯವಾಗಿ ವಿಚಾರಿಸಿದಳು.

"ನಿಮ್ಮ ಮಾವ ಎಣ್ಣೆ ಸರಿಯಾಗಿ ಅಚ್ಕೊತಾವ್ರಾ?"

"ದಿನಾ ಸಾಯಂಕಾಲ ರೂಮಿನ ಬಾಗಿಲು ಹಾಕ್ಕೊಂಡು ಹಚ್ಕೊಳ್ತಾರಮ್ಮ. ಮನೆಯೆಲ್ಲ ನರ್ಸಿಂಗ್ ಹೋಮ್ ವಾಸನೆ. ಆದ್ರೆ ಗುಣ ಇದೆ. ಹಚ್ಕೊಂಡ ಮೇಲೆ ಮನಸ್ಸು ಬಿಚ್ಚಿ ಹಳಗನ್ನಡ ಪದ್ಯ ಹೇಳ್ತಾರೆ."

ಮಂಡಿಗೆ ಹಚ್ಚಿದ ಎಣ್ಣೆ ಹಳಗನ್ನಡಕ್ಕೆ ಹೇಗೆ ಏರುತ್ತದೆ ಅಂತ ಸಿದ್ದಲಕ್ಷ್ಮಮ್ಮ ಹಿಟ್ಟು ರುಬ್ಬುತ್ತ ಬಹಳ ಹೊತ್ತು ಯೋಚಿಸಿದಳು.

ಉತ್ತರ ಸಿಕ್ಕಿದ್ದು ಕುಣಿಗಲ್ ಬಸ್ಸಿನಲ್ಲಿ. ಕುಣಿಗಲ್ಲಿನ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ಸಭೆ ಕರೆದಿದ್ದರು, ಮೇಷ್ಟ್ರ ಭಾಷಣವಿತ್ತು. ಸಿದ್ದಲಕ್ಷ್ಮಮ್ಮನ ತಂಗಿ ರಂಗಲಕ್ಷ್ಮಮ್ಮನನ್ನು ಕೊಟ್ಟದ್ದು ಅದೇ ಊರಿಗೆ. ತಂಗಿಯನ್ನೂ ನೋಡಿದಂತಾಯಿತು ಎಂದು ಆಕೆ ಮೇಷ್ಟ್ರ ಜೊತೆ ಹೊರಟಳು. ಹೆಬ್ಬೂರು ದಾಟುವಾಗ ಕಂಡಕ್ಟರ್ ಮೂಗು ಹಿಂಡಿ, "ಯಾರ್ರೀ ಬಸ್ಸೊಳಗೆ ಬೀಡಿ ಹಚ್ಚಿರೋದು?" ಎಂದ. ಹಿಂದಿನ ಸೀಟಿನ ಹೆಂಗಸು, "ಬೀಡಿ ಅಲ್ಲ, ಯಾರೋ ಗಾಯಕ್ಕೆ ಔಷಧಿ ಹಾಕಿಸ್ಕೊಂಡು ಬಂದವ್ರೆ" ಎಂದಳು.

ಪಕ್ಕದಲ್ಲೇ ಕೂತಿದ್ದ ಸಿದ್ದಲಕ್ಷ್ಮಮ್ಮ ಗಮನಿಸಿದಳು. ಮೇಷ್ಟ್ರು ಕಾಲು ಚಾಚಿದಾಗ ಯಾವ ವಾಸನೆಯೂ ಬರುತ್ತಿರಲಿಲ್ಲ. ಬಾಯಿ ತೆರೆದಾಗ ಬರುತ್ತಿತ್ತು.

ಆಕೆ ಕಿಟಕಿಯ ಕಡೆ ತಿರುಗಿ, ಕುಣಿಗಲ್ ಬರುವವರೆಗೂ ಸೆರಗು ಬಾಯಿಗಿಟ್ಟುಕೊಂಡು ಕೂತಳು. ಭುಜ ಮಾತ್ರ ಅಲುಗುತ್ತಿತ್ತು. ಬಸ್ಸಿನ ಕುಲುಕಾಟ ಅಂದುಕೊಂಡರು ಮೇಷ್ಟ್ರು.

ಸಭೆಗೆ ಬಹಳ ಹೆಂಗಸರು ಸೇರಿದ್ದರು. ಹಿಂದೆ ಗೋಡೆಗೊರಗಿ ಒಂದಷ್ಟು ಗಂಡಸರು, ಬೈಸಿಕೊಳ್ಳಲು ಬಂದವರು. ಮೇಷ್ಟ್ರು ಮೈಕು ಹಿಡಿದರು. ನಾಲಿಗೆ ಒಂದು ಹನಿಯನ್ನೂ ಕಂಡಿಲ್ಲ ಎಂಬ ಮೊದಲ ವಾಕ್ಯಕ್ಕೆ ಸಿದ್ದಲಕ್ಷ್ಮಮ್ಮ ಕಿವಿಗೊಟ್ಟು ಕಾದಳು. ಮೇಷ್ಟ್ರು ಕೆಮ್ಮಿ, ಅದನ್ನು ಹಾರಿಸಿ, ನೇರವಾಗಿ ಎರಡನೆಯದಕ್ಕೆ ಹೋದರು. ಸುಳ್ಳು ಹೇಳಲಿಲ್ಲ ಮನುಷ್ಯ, ಅಂದುಕೊಂಡಳು ಆಕೆ.

ಆಮೇಲೆ ಭಾಷಣ ಎಲ್ಲಿಗೋ ಹೊರಟಿತು.

"ತಾಯಂದಿರೇ, ಈ ಮದ್ಯ ವಿಷದ ವೇಷದಲ್ಲಿ ಬರುವುದಿಲ್ಲ" ಎಂದರು ಮೇಷ್ಟ್ರು. "ಮೊದಲು ಅದು ನಿಮ್ಮ ತಾಯಿಯ ಬಚ್ಚಲೊಲೆಯ ಹೊಗೆಯಂತೆ ಮೂಗಿಗೆ ಬರುತ್ತದೆ. ಸುಟ್ಟ ತೆಂಗಿನ ಚಿಪ್ಪಿನ ಹಾಗೆ. ಇದರಲ್ಲೇನಿದೆ ಅಂದುಕೊಳ್ಳುತ್ತೀರಿ. ಆಮೇಲೆ ನಾಲಿಗೆಯ ಮೇಲೆ ಜೇನಿನಂತೆ ಹರಡುತ್ತದೆ. ಹಲಸಿನ ತೊಳೆಯ ನೆನಪು ತರಿಸುತ್ತದೆ. ಸ್ವಲ್ಪ ತಣ್ಣೀರು ಬೆರೆಸಿದರಂತೂ ಇನ್ನೂ ಮೋಸ, ಆಗಲೇ ಅದು ಪೂರ್ತಿ ಅರಳುವುದು. ನುಂಗಿದ ಮೇಲೂ ಬಿಡುವುದಿಲ್ಲ. ಒಂದು ಬಗೆಯ ಬೆಚ್ಚನೆಯ ಹೊಗೆ ಎದೆಯಿಂದ ಏರಿ..." ಮೇಷ್ಟ್ರು ಕಣ್ಣು ಮುಚ್ಚಿದರು. ಸಭೆ ಉಸಿರು ಬಿಗಿಹಿಡಿಯಿತು. "...ಏರಿ, ಮನುಷ್ಯನನ್ನು ಹಾಳು ಮಾಡುತ್ತದೆ."

ಹೆಂಗಸರು ಜೋರಾಗಿ ಚಪ್ಪಾಳೆ ತಟ್ಟಿದರು. ಗೋಡೆಗೊರಗಿದ್ದ ಗಂಡಸರು ಎಂಜಲು ನುಂಗಿದರು. ಸಭೆ ಮುಗಿದ ಮೇಲೆ ಅವರಲ್ಲೊಬ್ಬ, ಕದರಯ್ಯ ಅನ್ನುವವನು, ಟವೆಲ್ಲು ಬಗಲಿಗಿಟ್ಟು ಮೇಷ್ಟ್ರ ಹತ್ತಿರ ಬಂದ.

"ಸ್ವಾಮಿ, ಬಾಳ ಚೆನ್ನಾಗಿ ಏಳಿದ್ರಿ. ಮೂವತ್ತು ವರ್ಷದಿಂದ ಕುಡೀತಾ ಇವ್ನಿ, ನಂಗೊಂದ್ ದಿನಾನೂ ಇಂಗಾಗ್ಲಿಲ್ಲ. ಅದು ಯಾವ ಬ್ರ್ಯಾಂಡು ಸ್ವಾಮಿ?"

ಮೇಷ್ಟ್ರ ಮುಖ ಅವರ ಜುಬ್ಬದ ಬಣ್ಣಕ್ಕೆ ತಿರುಗಿತು. "ಪುಸ್ತಕದಲ್ಲಿ ಓದಿದ್ದು" ಎಂದು ಸರಸರನೆ ನಡೆದರು. ಕುಂಟಲು ಮರೆತಿದ್ದರು.

ತಂಗಿಯ ಮನೆಗೆ ಹೋಗಿ ಬಂದ ಮೇಲೂ ಬಸ್ಸಿಗೆ ಹೊತ್ತಿತ್ತು. ಕೆರೆ ಏರಿಯ ಮೇಲೆ ಗಾಳಿ ಚೆನ್ನಾಗಿತ್ತು. ಇಬ್ಬರೂ ಕಲ್ಲಿನ ಮೇಲೆ ಕೂತರು. ನೀರು ನೋಡುತ್ತ ಸಿದ್ದಲಕ್ಷ್ಮಮ್ಮ ಕೇಳಿದಳು.

"ಮೇಷ್ಟ್ರೇ, ಮಂಡಿ ಎಂಗೈತೆ?"

"ವಾಸಿ."

"ನಾಲ್ಗೆ ಎಂಗೈತೆ?"

ಮೇಷ್ಟ್ರ ಕೈ ಕೆಂಪು ಪೆನ್ನಿಗೆ ಹೋಯಿತು. "ಮೊದಲ ದಿನ ಮಂಡಿಗೇ ಹಚ್ಚಿದ್ದು ಬೀಗ್ರೇ. ಪ್ರಮಾಣ ಮಾಡ್ತೀನಿ. ಆಮೇಲೆ ಪೇಪರ್ ತೆಗೆದೆ. ಹಾಳೆ ತಿರುವಕ್ಕೆ ಹೆಬ್ಬೆಟ್ಟು ನಾಲಿಗೆಗೆ ತಾಗಿಸೋದು ನನಗೆ ಚಿಕ್ಕಂದಿನ ಅಭ್ಯಾಸ." ನಿಲ್ಲಿಸಿದರು. "ಆವತ್ತು ಪೇಪರನ್ನ ಎರಡು ಸಲ ಓದಿದೆ."

ಸಿದ್ದಲಕ್ಷ್ಮಮ್ಮ ನಕ್ಕ ನಗುವಿಗೆ ಏರಿಯ ಕೆಳಗೆ ಮೇಯುತ್ತಿದ್ದ ಎಮ್ಮೆ ತಲೆ ಎತ್ತಿತು.

"ನಗಬೇಡಿ. ನಲವತ್ತು ವರ್ಷ ನಾನು ಇನ್ನೊಬ್ಬರಿಗೆ ಬುದ್ಧಿ ಹೇಳಿದವನು. ಆದರೂ ಸಾರಾಯಿ ಬೇರೆ, ಇದು ಬೇರೆ ಅನ್ನಿಸುತ್ತೆ."

"ಏನೂ ಬೇರೆ ಇಲ್ಲ" ಎಂದಳು ಆಕೆ. ನಗು ನಿಂತಿತ್ತು. "ಎರಡೂ ಒಂದೇ ಜಾತಿ. ನನ್ ಗಂಡನ್ ಕೈಗೆ ಇದನ್ನ ಕೊಟ್ಟಿದ್ರೂ ಒಂದೇ ಬೈಟಕ್ಕಿಗೆ ಬಾಟ್ಲಿ ಎತ್ತಿ ಸಾಯ್ತಿದ್ದ. ನೀವು ಸಾರಾಯಿ ಅಂಗ್ಡಿ ಎತ್ತಿಸ್ತಾ ಇರದು ಒಳ್ಳೇದೇಯ. ಎತ್ಸಿ. ಆ ಒಂದು ಅನಿ ಕಂಡಿಲ್ಲ ಅನ್ನೋ ಮಾತು ಮಾತ್ರ ಇವತ್ತು ಬುಟ್ರಲ್ಲ, ಅಂಗೇ ಬುಟ್ಬುಡಿ."

ಹನಿ ಎನ್ನಲು ಬಾಯಿ ತೆರೆದ ಮೇಷ್ಟ್ರು ತಿದ್ದದೆ ಬಿಟ್ಟರು.

"ಇನ್ನೊಂದು" ಎಂದಳು ಆಕೆ. "ಅದು ಅಲಸಿನ ತೊಳೆ ಅಲ್ಲ. ಸಪೋಟ."

ಮೇಷ್ಟ್ರು ಬೆಚ್ಚಿ ತಿರುಗಿ ನೋಡಿದರು. ಬೀಗಿತ್ತಿಗೆ ಈ ರುಚಿ ಹೇಗೆ ಗೊತ್ತು ಎಂಬುದು ಅವರಿಗೆ ಹೊಳೆಯಲು ಒಂದು ಗಳಿಗೆ ಹಿಡಿಯಿತು.

"ಹಲಸು" ಎಂದರು ನಿಧಾನವಾಗಿ.

"ಸಪೋಟ."

ಈ ವಾದ ತೀರಲು ಎರಡೂ ಹಣ್ಣು ತರಿಸಬೇಕಾಯಿತು. ಗುರುವಾರದ ಮಧ್ಯಾಹ್ನ ಹೋಟೆಲಿನ ಹಿಂದಿನ ಅಂಗಳದಲ್ಲಿ ಎರಡು ಕಾಫಿ ಲೋಟ, ಒಂದು ಚೊಂಬು ನೀರು, ತಟ್ಟೆಯಲ್ಲಿ ಹುರಿದ ಕಡ್ಲೆಕಾಯಿ, ಕೊಬ್ಬರಿ ಚೂರು, ಬೆಲ್ಲ. ಒಂದು ಗುಟುಕು, ಒಂದು ತೊಳೆ. ಇನ್ನೊಂದು ಗುಟುಕು, ಸಪೋಟದ ಹೋಳು. ಹಲಸು ಹೊಗೆಯ ಜೊತೆ ಜಗಳಕ್ಕೆ ನಿಂತಿತು. ಸಪೋಟ ಅಣ್ಣ ತಮ್ಮನಂತೆ ಹೊಂದಿಕೊಂಡಿತು. ಮೇಷ್ಟ್ರು ಸೋಲೊಪ್ಪಿದರು. ಆದರೆ ಕೊಬ್ಬರಿ ಮತ್ತು ಬೆಲ್ಲ ಜೊತೆಗೆ ಅಗಿದು, ಮೇಲೆ ನೀರು ಬೆರೆಸಿದ ಒಂದು ಗುಟುಕು ಬಿಟ್ಟರೆ ಬಾಯಿಯೊಳಗೆ ದೀಪ ಹಚ್ಚಿದಂತಾಗುತ್ತದೆ ಎಂದು ಕಂಡುಹಿಡಿದವರು ಅವರೇ. ಆ ಹೆಮ್ಮೆಯನ್ನು ಸಿದ್ದಲಕ್ಷ್ಮಮ್ಮ ಅವರಿಗೇ ಬಿಟ್ಟುಕೊಟ್ಟಳು. ಒಂದು ಗುರುವಾರಕ್ಕೆ ಒಬ್ಬರಿಗೆ ಒಂದೇ ಲೋಟ, ಅದೂ ತಳ ಮುಚ್ಚುವಷ್ಟು, ಎಂಬ ಕಾನೂನು ಆಕೆಯದು. ಮೇಷ್ಟ್ರು ಒಮ್ಮೆ ಲೋಟ ಮುಂದೆ ತಳ್ಳಿದಾಗ ಆಕೆ ಅದಕ್ಕೆ ಮಜ್ಜಿಗೆ ತುಂಬಿಸಿ ಕೊಟ್ಟಳು.

ಮೇಷ್ಟ್ರು ಸಮಿತಿಯ ಅಧ್ಯಕ್ಷತೆ ಬಿಟ್ಟರು. ವಯಸ್ಸಾಯಿತು ಎಂದು ಹೇಳಿ, ಕುಣಿಗಲ್ ಸಭೆ ಕರೆದಿದ್ದ ಬಸವಲಿಂಗಮ್ಮ ಎಂಬ ಗಟ್ಟಿಗಿತ್ತಿಯ ಹೆಸರು ಸೂಚಿಸಿದರು. ಅರ್ಜಿ ಬರೆಯುವುದು, ಬಸ್ಸು ಹತ್ತಿ ಹೋಗಿ ಸಭೆಯಲ್ಲಿ ಕೂರುವುದು ಬಿಡಲಿಲ್ಲ. ಮೈಕು ಮಾತ್ರ ಮುಟ್ಟಲಿಲ್ಲ. ಬಸವಲಿಂಗಮ್ಮನ ಭಾಷಣ ಕೇಳಿ ಯಾವ ಗಂಡಸಿಗೂ ಬ್ರ್ಯಾಂಡಿನ ಹೆಸರು ಕೇಳುವ ಧೈರ್ಯ ಬರುತ್ತಿರಲಿಲ್ಲ. ಮುಂದೆ ಸರ್ಕಾರ ಸಾರಾಯಿಯನ್ನೇ ನಿಲ್ಲಿಸಿದಾಗ ಸಿದ್ದಲಕ್ಷ್ಮಮ್ಮ ಹೋಟೆಲಿಗೆ ಬಂದವರಿಗೆಲ್ಲ ಒಂದು ದಿನ ಇಡ್ಲಿಯ ಮೇಲೆ ಎರಡು ಮುದ್ದೆ ಬೆಣ್ಣೆ ಹಾಕಿದಳು.

ಅದಿರಲಿ. ಮೇಷ್ಟ್ರಿಗೆ ಒಂದು ಕೊರಗು ಉಳಿದಿತ್ತು. ಇಷ್ಟು ಸೊಗಸಾದ್ದು ರಾಜಮಹಾರಾಜರು ಕುಡಿಯುವಂಥದ್ದೇ ಇರಬೇಕು. ಪಾಪ, ಆ ಮನುಷ್ಯ ಆಸ್ತಿಯನ್ನೇ ಕೊಟ್ಟು ಹೋದಂತಾಯಿತು. ಅದನ್ನು ನಾನು ಮಂಡಿಗೆ ಉಜ್ಜಿದೆನಲ್ಲ ಎಂದು ಆಗಾಗ ಹಲುಬುತ್ತಿದ್ದರು. ಬಾಟಲಿ ಖಾಲಿಯಾದ ದಿನ ಅದನ್ನು ಹುಣಸೆಹಣ್ಣು ಹಾಕಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟರು.

ಮರುವರ್ಷ ಮೆಷೀನಿನ ಸರ್ವಿಸಿ‌ಗೆ ಕುರೋಡ ಮತ್ತೆ ಬಂದರು. ಅವತ್ತು ಭಾನುವಾರ. ತ್ರಿವೇಣಿ, ನಾಗಭೂಷಣ್, ಮೇಷ್ಟ್ರು ಎಲ್ಲರೂ ಹೋಟೆಲಿನಲ್ಲೇ ಇದ್ದರು. ಕುರೋಡ ಒಲೆಯ ಪಕ್ಕ ಕೂತು, ಮೊದಲ ಇಡ್ಲಿ ಮುಗಿಸಿ, ಬಾಯಿತುಂಬ ನಕ್ಕು ಕೇಳಿದರು.

"ಅಮ್ಮಾ, ವಿಸ್ಕಿ ಗುಡ್?"

ವಿಸ್ಕಿ ಎಂಬ ಮಾತಿಗೆ ಯಾರ ಅನುವಾದವೂ ಬೇಕಿರಲಿಲ್ಲ. ತ್ರಿವೇಣಿ ಗಂಡನ ಕಡೆ ತಿರುಗಿದಳು. ನಾಗಭೂಷಣ್ ಚಟ್ನಿ ನೋಡಿದ. ತ್ರಿವೇಣಿ ಮಾವನ ಕಡೆ ತಿರುಗಿದಳು. ಮೇಷ್ಟ್ರು ಮಂಡಿ ಹಿಡಿದುಕೊಂಡರು. ಕೊನೆಗೆ ಅಮ್ಮನ ಕಡೆ ತಿರುಗಿದಾಗ ಸಿದ್ದಲಕ್ಷ್ಮಮ್ಮ, "ಬಾಳ ಗುಡ್ಡಪ್ಪ" ಎಂದು ಜಪಾನಪ್ಪನಿಗೆ ಉತ್ತರ ಕೊಡುತ್ತಿದ್ದಳು.

"ಅಮ್ಮ, ಅದು ಎಣ್ಣೆ ಅಂದ್ರಲ್ಲ ಇವ್ರು."

"ಎಣ್ಣೇನೇ ಕಣೇ. ನಿನ್ ಗಂಡ ಸುಳ್ಳು ಏಳಿಲ್ಲ."

ತ್ರಿವೇಣಿಗೆ ಸಿಟ್ಟು ಬಂತು, ಅದರ ಹಿಂದೆಯೇ ಮಾವನ ಹಳಗನ್ನಡ ನೆನಪಾಗಿ ನಗುವೂ ಬಂತು. ಎರಡೂ ಒಟ್ಟಿಗೆ ಬಂದು ಕಣ್ಣಲ್ಲಿ ನೀರಾಯಿತು. ನಾಗಭೂಷಣ್‌ನ ಸಂಕಟ ಬೇರೆಯದು. ಸುಳ್ಳು ಹೇಳಿದವನು ತಾನು, ವರ್ಷವೆಲ್ಲ ಅದನ್ನು ಕಾಪಾಡಿದವನು ತಾನು. ಕುಡಿದವರು ಅಪ್ಪ ಮತ್ತು ಅತ್ತೆ.

"ನನಗೊಂದು ಹನೀನೂ ಇಡಲಿಲ್ವಾ?" ಎಂದು ಕೇಳಿದ.

ಮೇಷ್ಟ್ರು ತಮ್ಮ ಕೊರಗು ಕಳೆಯಲು ಇದೇ ಸಮಯ ಎಂದು, ಹೆಡ್‌ಮಾಸ್ಟರ್ ಇಂಗ್ಲಿಷಿನಲ್ಲಿ, ತಮ್ಮಂಥವರಿಗೆ ಅಷ್ಟು ದುಬಾರಿಯ ವಸ್ತು ಕೊಟ್ಟದ್ದಕ್ಕೆ ಕುರೋಡರ ಕ್ಷಮೆ ಕೇಳಿದರು. ಕುರೋಡ ಕಿವಿಯವರೆಗೂ ಕೆಂಪಾದರು. ತಡವರಿಸುತ್ತ ಅವರು ಹೇಳಿದ್ದನ್ನು ನಾಗಭೂಷಣ್ ಕನ್ನಡಕ್ಕೆ ತಂದ. ಅದೇನೂ ದುಬಾರಿಯಲ್ಲವಂತೆ. ಅವರ ಊರಿನ ಮೂಲೆ ಅಂಗಡಿಯಲ್ಲೂ ಸಿಗುತ್ತದಂತೆ. ಹೊಗೆ ಹಾಕಿದ ಮಾಲ್ಟುಗಳನ್ನು ಬೆರೆಸಿ ಮಾಡುವಂಥದ್ದು, ಕೆಲಸ ಮುಗಿಸಿ ಮನೆಗೆ ಹೋಗುವವರು ಕೊಳ್ಳುವಂಥದ್ದು. ಒಳ್ಳೆಯದನ್ನು ತರಲು ಆಗಲಿಲ್ಲ, ನಾಚಿಕೆಯಾಗುತ್ತದೆ ಎಂದು ಕುರೋಡ ಬಗ್ಗಿದರು.

ಮೇಷ್ಟ್ರು ಸ್ವಲ್ಪ ಇಳಿದುಹೋದರು. ರಾಜಮಹಾರಾಜರ ಜೊತೆ ಕೂತು ಕುಡಿದ ಭಾವನೆ ಅವರಿಗೆ ಗೊತ್ತಿಲ್ಲದೆಯೇ ಬೆಳೆದಿತ್ತು. ಸಿದ್ದಲಕ್ಷ್ಮಮ್ಮನಿಗೆ ಮಾತ್ರ ಹಿಡಿಸಲಾರದ ಖುಷಿಯಾಯಿತು.

"ಅಂದ್ರೆ ಅಲ್ಲಿಯ ತಟ್ಟೆ ಇಡ್ಲಿ ಅನ್ನಿ" ಎಂದಳು. "ದೊಡ್ಡೋರದ್ದಾಗಿದ್ರೆ ಇಷ್ಟು ರುಚಿ ಎಲ್ಲಿರ್ತಿತ್ತು?"

ಕುರೋಡ ಈ ಸಲವೂ ಒಂದು ಬಾಟಲಿ ತಂದಿದ್ದರು. ತ್ರಿವೇಣಿ ಎಲ್ಲರಿಗಿಂತ ಮೊದಲು ಕೈ ಚಾಚಿ ಅದನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ಪು ಎಳೆದಳು. ಗುರುವಾರಗಳಂದು ತಾನೇ ಅಳೆದು ಕೊಡುವುದಾಗಿ ಹೇಳಿದಳು. ಮೊದಲ ಗುರುವಾರ ತನಗೂ ಒಂದು ಲೋಟ ಇಟ್ಟುಕೊಂಡಳು, ಮುಖ ಕಿವುಚಿದಳು, ಆಸ್ಪತ್ರೆ ಫಿನಾಯಿಲು ಎಂದಳು, ಆದರೂ ಖಾಲಿ ಮಾಡಿದಳು. ನಾಗಭೂಷಣ್‌ಗೆ ಎರಡು ಗುರುವಾರ ಕಡ್ಲೆಕಾಯಿ ಮಾತ್ರ ಸಿಕ್ಕಿತು. ಮೂರನೆಯದಕ್ಕೆ ಅತ್ತೆಯೇ ಶಿಫಾರಸು ಮಾಡಿದಳು.

ಹೊರಡುವ ಮುನ್ನ ಕುರೋಡ ಒಂದು ಉಪಕಾರ ಕೇಳಿದರು. ಹೆಂಡತಿಗೆ ಈ ಇಡ್ಲಿ ಮಾಡಿ ತಿನ್ನಿಸಬೇಕು, ಹಿಟ್ಟು ಉಬ್ಬುವ ಗುಟ್ಟು ಏನು? ಸಿದ್ದಲಕ್ಷ್ಮಮ್ಮ ಅಕ್ಕಿ, ಉದ್ದು, ಅವಲಕ್ಕಿಯ ಅಳತೆಯನ್ನೆಲ್ಲ ಪ್ರಾಮಾಣಿಕವಾಗಿ ಹೇಳಿಸಿದಳು. ಕೊನೆಗೆ ಮುಖ ಗಂಭೀರ ಮಾಡಿಕೊಂಡಳು.

"ಅಳಿಯಂದ್ರೇ, ಇದನ್ನೂ ಏಳಿ. ಇಟ್ಟು ಮುಚ್ಚಿಟ್ಟ ಮೇಲೆ ಗಂಡ ಎಂಡ್ತಿ ಇಬ್ರೂ ಅದರ ಮುಂದೆ ನಿಂತ್ಕೊಂಡು ಒಂದ್ ಆಡು ಆಡ್ಬೇಕು. ಇಲ್ದಿದ್ರೆ ಉಬ್ಬಲ್ಲ."

ಮೇಷ್ಟ್ರು ಮೇಲೆ ನೋಡಿದರು. ನಾಗಭೂಷಣ್ ನಗು ತಡೆದುಕೊಂಡು ಅನುವಾದಿಸಿದ. ಕುರೋಡ ತಲೆದೂಗಿ ಎಲ್ಲವನ್ನೂ ಮನಸ್ಸಿಗೆ ಹಾಕಿಕೊಂಡರು.

ಕೆಲವು ತಿಂಗಳ ಮೇಲೆ ಫ್ಯಾಕ್ಟರಿಗೆ ಬಂದ ಪಾರ್ಸಲಿನಲ್ಲಿ ಒಂದು ಫೋಟೋ ಇತ್ತು. ಚಿಕ್ಕ ಅಡುಗೆಮನೆ. ಮೇಜಿನ ಮೇಲೆ ಮುಚ್ಚಳವನ್ನೇ ಎತ್ತಿ ಉಕ್ಕಿ ಹರಿದಿರುವ ಹಿಟ್ಟಿನ ಪಾತ್ರೆ. ಅದರ ಮುಂದೆ ಕುರೋಡ ಮತ್ತು ಅವರ ಹೆಂಡತಿ ನೆಟ್ಟಗೆ ನಿಂತು, ಕೈಕಟ್ಟಿ, ಬಾಯಿ ತೆರೆದು ಹಾಡುತ್ತಿದ್ದರು. ಸಿದ್ದಲಕ್ಷ್ಮಮ್ಮ ಅದಕ್ಕೆ ಕಟ್ಟು ಹಾಕಿಸಿ ಹೋಟೆಲಿನ ಗೋಡೆಗೆ ನೇತುಹಾಕಿದಳು. ಅವರು ಹಾಡಿದ್ದು ಯಾವ ಹಾಡು ಅಂತ ಗಿರಾಕಿಗಳು ಕೇಳಿದರೆ, ಮೇಷ್ಟ್ರು ಬರ್ತಾರೆ, ಅವರನ್ನೇ ಕೇಳಿ ಎನ್ನುತ್ತಿದ್ದಳು. ಮೇಷ್ಟ್ರು ಆ ಫೋಟೋದ ಕೆಳಗೆ ಕೂತು, ತುಟಿಗಳ ಆಕಾರ ನೋಡಿ, ಅದು ಅಕಾರವೋ ಹಕಾರವೋ ಎಂದು ಬಂದವರ ಜೊತೆ ಚರ್ಚೆ ಮಾಡುತ್ತಿದ್ದರು.